ಟೆಂಟೊಳಗಿನ ಮಳೆ

ಹೋದ ತಿಂಗಳು ಒಬ್ಬ ಹುಡುಗ ಅಂಗಡಿಗೆ ಬಂದಿದ್ದ. ಮನೆಯ ನೀರೆತ್ತುವ ಮೋಟಾರು ಕೊಟ್ಟು ಹೋಗಲು ಬಂದವನು, ಗೋಡೆಯ ಮೇಲೆ ಒಣಗಲು ಹಾಕಿದ್ದ ನನ್ನ ಟೆಂಟ್ ನೋಡಿ ಸ್ಟೂಲು ಎಳೆದುಕೊಂಡು ಕುಳಿತೇಬಿಟ್ಟ.

“ಅಣ್ಣ, ನಾನೂ ಒಂದು ತಗೋಬೇಕು. ಬೈಕಲ್ಲಿ ಹೋಗಿ ಉಳ್ಕೊಳ್ಳೋಕೆ. ಯಾವ್ದು ಚೆನ್ನಾಗಿದೆ?”

“ನಿನ್ ಬೈಕ್ ಯಾವ್ದು?”

“ಬೈಕ್ ಅಲ್ಲಣ್ಣ, ಟೆಂಟು.”

“ಗೊತ್ತಾಯ್ತಪ್ಪ. ಬೈಕ್ ಯಾವ್ದು?”

ಅವನಿಗೆ ನನ್ನ ಕಿವಿಯ ಮೇಲೆ ಅನುಮಾನ ಬಂದಿರಬೇಕು. ಗಟ್ಟಿಯಾಗಿ ಇನ್ನೊಂದು ಸಲ ಕೇಳಿದ. ಆಮೇಲೆ ಚಹಾ ತರಿಸಿದೆ. ಆವತ್ತು ಅವನಿಗೆ ಹೇಳಿದ್ದು, ಹೇಳದೆ ಬಿಟ್ಟಿದ್ದು ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಕಥೆ. ಹಾಸನದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟಾರಿಗೆ ಹೊಸದಾಗಿ ತಂತಿ ಸುತ್ತಿ ಕೊಡುವುದು. ಜನವರಿಯಿಂದ ಮೇ ತನಕ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ಬೋರ್‌ವೆಲ್ ಮೋಟಾರು, ಹೊಳೆ ಬದಿಯ ಪಂಪ್‌ಸೆಟ್ಟು, ಕಾಫಿ ತೋಟಗಳ ಸ್ಪ್ರಿಂಕ್ಲರ್ ಮೋಟಾರು, ಒಂದರ ಹಿಂದೆ ಒಂದು ಸುಟ್ಟುಕೊಂಡು ಬರುತ್ತವೆ. ಜೂನ್‌ನಲ್ಲಿ ಮಳೆ ಹಿಡಿಯಿತೋ, ಮುಗಿಯಿತು. ಯಾರಿಗೂ ಮೋಟಾರು ಬೇಡ. ಅಂದರೆ ನನಗೆ ರಜೆ ಸಿಗುವುದೇ ಆರಿದ್ರಾ ಮಳೆಯಲ್ಲಿ. ಮಿಕ್ಕವರು ಡಿಸೆಂಬರಿನ ಚಳಿ, ನಕ್ಷತ್ರ, ಕ್ಯಾಂಪ್‌ಫೈರು ಅಂತ ಟೆಂಟ್ ತಗೊಳ್ಳುತ್ತಾರೆ. ನಾನು ಸಕಲೇಶಪುರದ ಮಳೆಯಲ್ಲಿ ಮಲಗಲು ತಗೊಂಡವನು. ನನ್ನವಳ ಪ್ರಕಾರ ಇದಕ್ಕೆ ಬೇರೆ ಹೆಸರಿದೆ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಬೈಕು ಹೋಂಡಾ ಯೂನಿಕಾರ್ನ್, 150 ಸಿಸಿ. ಕ್ಯಾರಿಯರ್ ಇಲ್ಲ. ಹಿಂದಿನ ಸೀಟು, ಎಡಕ್ಕೆ ಸೀರೆ ಗಾರ್ಡು, ಬಲಕ್ಕೆ ಸೈಲೆನ್ಸರು. ಸಾಮಾನು ಕಟ್ಟಲು ಇರುವುದು ಇಷ್ಟೇ.

ಮೊದಲ ಟೆಂಟನ್ನು ಫೋನಿನಲ್ಲಿ, ಯಾವುದೋ ಹಬ್ಬದ ಸೇಲ್‌ನಲ್ಲಿ ತರಿಸಿದ್ದೆ. ‘ನಾಲ್ಕು ಜನ, ವಾಟರ್‌ಪ್ರೂಫ್’ ಅಂತಿತ್ತು. ಬೆಲೆ ನೋಡಿ ಖುಷಿಯಾಯಿತು. ಚೀಲದ ಉದ್ದ ಎಷ್ಟು ಅಂತ ನೋಡಲೇ ಇಲ್ಲ. ಬಂದ ಮೇಲೆ ಅಳೆದರೆ ಸರಿಯಾಗಿ ಮೂರು ಗೇಣು. ಸೀಟಿನ ಮೇಲೆ ಅಡ್ಡ ಕಟ್ಟಿದರೆ ಎರಡೂ ಕಡೆ ರೆಕ್ಕೆ ಬಿಚ್ಚಿದ ಹಾಗೆ ಕಾಣುತ್ತಿತ್ತು. ಪೇಟೆಯ ಟ್ರಾಫಿಕ್‌ನಲ್ಲಿ ಹ್ಯಾಂಡಲ್ ತೂರಿದ ಕಡೆ ಬೈಕೂ ತೂರುತ್ತದೆ ಅನ್ನುವುದು ನಮಗೆಲ್ಲ ಅಭ್ಯಾಸ. ಬೆನ್ನ ಹಿಂದೆ ಏನಿದೆ ಅಂತ ಕೈಗೆ ಗೊತ್ತಿರುವುದಿಲ್ಲ. ಒಂದು ಆಟೋದ ಕನ್ನಡಿಗೆ ಟೆಂಟ್ ಬಡಿಯಿತು. ಕನ್ನಡಿ ಉಳಿಯಿತು, ಮಾತು ಕೇಳಬೇಕಾಯಿತು.

ಆಮೇಲೆ ಬುದ್ಧಿ ಉಪಯೋಗಿಸಿ ಉದ್ದುದ್ದ ಕಟ್ಟಿದೆ. ಬಾಳ್ಳುಪೇಟೆ ದಾಟುವ ಹೊತ್ತಿಗೆ ಅದು ಬಲಕ್ಕೆ ವಾಲಿ ಸೈಲೆನ್ಸರ್ ಮೇಲೆ ಕೂತಿತ್ತು. ವಾಸನೆ ಬಂದಾಗ ಕ್ಲಚ್ ಪ್ಲೇಟ್ ಸುಡುತ್ತಿದೆ ಅಂದುಕೊಂಡೆ. ಇಳಿದು ನೋಡಿದರೆ ಚೀಲ ಕರಗಿ, ಒಳಗಿನ ಬಟ್ಟೆಗೆ ಅಂಗೈ ಅಗಲದ ತೂತು. ಸಿಂಥೆಟಿಕ್ ಬಟ್ಟೆ ಉರಿಯುವುದಕ್ಕಿಂತ ಮೊದಲು ಮೇಣದ ಹಾಗೆ ಕರಗುತ್ತದೆ, ಸೈಲೆನ್ಸರಿಗೆ ಅಂಟಿಕೊಂಡರೆ ಕೆರೆದರೂ ಬರುವುದಿಲ್ಲ. ಈಗಲೂ ನನ್ನ ಬೈಕಿನಲ್ಲಿ ಆ ಕಪ್ಪು ಕಲೆ ಇದೆ.

ಅದಕ್ಕೇ ನಾನು ಮೊದಲು ಬೈಕ್ ಯಾವುದು ಅಂತ ಕೇಳುವುದು. ಟೆಂಟಿನ ಬಟ್ಟೆಯನ್ನು ಹೇಗೆ ಬೇಕಾದರೂ ಮಡಚಿ ಯಾವ ಮೂಲೆಗಾದರೂ ತುರುಕಬಹುದು. ಕೋಲನ್ನು ಮಡಚಲು ಆಗುವುದಿಲ್ಲ. ಕೋಲಿನ ಒಂದೊಂದು ತುಂಡು ಎಷ್ಟು ಉದ್ದವೋ ಚೀಲವೂ ಅಷ್ಟೇ ಉದ್ದ. ಎರಡು ಗೇಣು, ಅಂದರೆ 45 ಸೆಂಟಿಮೀಟರ್ ಒಳಗಿದ್ದರೆ ಸೀಟಿನ ಮೇಲೆ ಅಡ್ಡಕ್ಕೆ ಸದ್ದಿಲ್ಲದೆ ಕೂರುತ್ತದೆ. 60 ದಾಟಿತೋ, ಎಷ್ಟೇ ಹಗುರ ಇರಲಿ, ದಾರಿಯುದ್ದ ನಿಮ್ಮ ಗಮನವೆಲ್ಲ ಅದರ ಮೇಲೇ. ನಡೆದು ಹೋಗುವ ಚಾರಣಿಗರಿಗೆ ತೂಕ ಮುಖ್ಯ, ನೂರು ಗ್ರಾಂ ಕಡಿಮೆ ಮಾಡಲು ಸಾವಿರಾರು ರೂಪಾಯಿ ಹಾಕುತ್ತಾರೆ. ಬೈಕಿನವರಿಗೆ ಅರ್ಧ ಕೇಜಿ ಹೆಚ್ಚಾದರೆ ಏನೂ ಆಗುವುದಿಲ್ಲ. ಉದ್ದ ಮಾತ್ರ ಬಿಡುವುದಿಲ್ಲ. ಎಸೆದರೆ ತಾನೇ ಬಿಚ್ಚಿಕೊಳ್ಳುವ ಟೆಂಟ್ ಇವೆಯಲ್ಲ, ಡೆಕಾಥ್ಲಾನ್‌ನವರು 2005ರಲ್ಲಿ ‘2 ಸೆಕೆಂಡ್ಸ್’ ಅಂತ ತಂದರಲ್ಲ, ಅದು ನೋಡಲು ಜಾದೂ. ಮಡಚಿದರೆ ದೊಡ್ಡ ಮೊರದಷ್ಟು ಅಗಲದ ಚಕ್ರ. ಕಾರಿನ ಡಿಕ್ಕಿಗೆ ಹೇಳಿ ಮಾಡಿಸಿದ್ದು. ಯೂನಿಕಾರ್ನ್ ಬೆನ್ನಿಗೆ ಕಟ್ಟಿದರೆ ಯಕ್ಷಗಾನದ ವೇಷ.

ಆವತ್ತು ತೂತು ಬಿದ್ದ ಟೆಂಟಿಗೆ ಅಂಟುಪಟ್ಟಿ ಹಚ್ಚಿಕೊಂಡೇ ಮುಂದೆ ಹೋದೆ. ಹೋಗಬೇಕಾಗಿದ್ದು ಹಾನುಬಾಳು ಕಡೆಯ ಒಂದು ತೋಟಕ್ಕೆ. ಅಲ್ಲಿಯ ಯಜಮಾನರ ಪಂಪ್‌ಸೆಟ್ಟನ್ನು ವರ್ಷಕ್ಕೊಂದು ಸಲವಾದರೂ ನಾನೇ ಕಟ್ಟುವುದು. ತೋಟದೊಳಗೆ ಎಲ್ಲಾದರೂ ಟೆಂಟ್ ಹಾಕಿಕೊಳ್ಳುತ್ತೇನೆ ಅಂದಿದ್ದಕ್ಕೆ ಒಪ್ಪಿದ್ದರು. ಸಂಜೆ ತೋಟದ ಕೆಲಸ ನೋಡಿಕೊಳ್ಳುವ ರೈಟರು ಸಿಕ್ಕಿ ಆ ಮಾತನ್ನು ಅಲ್ಲಿಗೇ ನಿಲ್ಲಿಸಿದರು.

“ತೋಟದೊಳಗೆಲ್ಲ ಬೇಡ ಮಾರಾಯ್ರೆ. ನಿನ್ನೆ ರಾತ್ರಿ ಪಕ್ಕದ ಗದ್ದೆಗೆ ಇಳಿದಿದ್ವು. ಕಣದಲ್ಲಿ ಹಾಕ್ಕೊಳ್ಳಿ.”

ಯಾವುದು ಇಳಿದಿತ್ತು ಅಂತ ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಆಲೂರು, ಸಕಲೇಶಪುರ, ಬೇಲೂರು ಕಡೆಯವರಿಗೆ ಅದು ಆನೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕಣ ಅಂದರೆ ಕಾಫಿ ಒಣಗಿಸುವ ಸಿಮೆಂಟು ಅಂಗಳ. ಕೊಯ್ಲಿನ ಕಾಲದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಮಳೆಗಾಲದಲ್ಲಿ ಖಾಲಿ. ಪಕ್ಕದಲ್ಲೇ ಆಳುಗಳ ಲೈನು, ಅಂದರೆ ಸಾಲುಮನೆ, ಲೈಟಿದೆ, ನಾಯಿಗಳಿವೆ. ನೀರು ನಿಲ್ಲದ ಹಾಗೆ ಇಳಿಜಾರು ಕೊಟ್ಟಿರುತ್ತಾರೆ. ಮಲೆನಾಡಿನಲ್ಲಿ ಟೆಂಟ್ ಹಾಕಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ಈಗ ಹೇಳುತ್ತೇನೆ. ಆವತ್ತು ಮಾತ್ರ ಕೈಯಲ್ಲಿ ಗೂಟ ಹಿಡಿದು ಸಿಮೆಂಟು ನೋಡುತ್ತಾ ನಿಂತಿದ್ದೆ. ಗೂಟ ಹೊಡೆಯುವುದೆಲ್ಲಿಗೆ?

ಕೆಲವು ಟೆಂಟ್ ಕೋಲು ಹಾಕಿದ ಕೂಡಲೇ ತಾವಾಗಿ ನಿಲ್ಲುತ್ತವೆ, ಬೇಕಾದರೆ ಎತ್ತಿ ಪಕ್ಕಕ್ಕೆ ಇಡಬಹುದು. ಎರಡು ಕೋಲು ಅಡ್ಡಡ್ಡ ಬಾಗಿ ನಾಲ್ಕೂ ಮೂಲೆ ಎಳೆದು ಹಿಡಿಯುವ ಗುಮ್ಮಟದ ಥರದವು. ಇನ್ನು ಕೆಲವು ಗೂಟವಿಲ್ಲದೆ ಏಳುವುದೇ ಇಲ್ಲ. ಸುರಂಗದ ಥರದವು ಈ ಜಾತಿ. ನಡುವಿನವೂ ಇವೆ. ನೇಚರ್‌ಹೈಕ್‌ನ ಕ್ಲೌಡ್ ಅಪ್ ಅಂತ ಬೈಕಿನವರು ಜಾಸ್ತಿ ಒಯ್ಯುವ ಒಂದು ಟೆಂಟಿದೆ. ಹಗುರ, ಚೀಲವೂ ಸಣ್ಣದು. ತಲೆಯ ಕಡೆ ತಾನೇ ನಿಲ್ಲುತ್ತದೆ, ಕಾಲಿನ ಕಡೆಯ ಎರಡು ಮೂಲೆ ಎಳೆಯಲು ಗೂಟವೋ ಕಲ್ಲೋ ಬೇಕು. ತಪ್ಪೇನಲ್ಲ, ಗೊತ್ತಿದ್ದು ತಗೊಂಡರೆ ಆಯಿತು. ನಾವು ನಿಜವಾಗಿ ಮಲಗುವುದು ಎಲ್ಲಿ ಅಂತ ಯೋಚಿಸಿ. ಕಾಫಿ ಕಣ, ಯಾರದೋ ಮನೆಯ ತಾರಸಿ, ದೇವಸ್ಥಾನದ ಮುಂದಿನ ಕಲ್ಲುಹಾಸು, ಬಂಡೆ. ಜಾಹೀರಾತಿನ ಹುಲ್ಲುಗಾವಲು ನಮಗೆ ಸಿಗುವುದು ಅಪರೂಪ. ಬಾಬಾಬುಡನ್‌ಗಿರಿ ಸಾಲಿನಲ್ಲೋ ಕುದುರೆಮುಖದಲ್ಲೋ ಹುಲ್ಲುಗಾವಲು ಬೇಕಾದಷ್ಟಿದೆ. ಆದರೆ ಅದು ಅರಣ್ಯ. ಅನುಮತಿ ಇಲ್ಲದೆ ರಾತ್ರಿ ಕಳೆಯುವ ಹಾಗಿಲ್ಲ, ಕಳೆಯಲೂ ಬಾರದು.

ಅಂದು ರೈಟರು ನಾಲ್ಕು ಸಿಮೆಂಟು ಇಟ್ಟಿಗೆ ಕೊಟ್ಟರು. ಗೂಟದ ಬದಲು ಇಟ್ಟಿಗೆಗೆ ದಾರ ಸುತ್ತಿ ಟೆಂಟ್ ನಿಲ್ಲಿಸಿದೆ. ಗೋಡೌನಿನ ಜಗುಲಿಯಲ್ಲಿ ಬೆಚ್ಚಗೆ ಮಲಗಬಹುದಿತ್ತು, ಅವರೂ ಕರೆದರು. ಹಟ.

ರಾತ್ರಿ ಒಂಬತ್ತಕ್ಕೆ ಮಳೆ ಶುರುವಾಯಿತು. ಗಾಳಿಗೆ ಅಡ್ಡ ಹೊಡೆಯುವ ಮಳೆ. ಜಿಪ್ಪೆಲ್ಲ ಎಳೆದು, ಕಿಟಕಿ ಮುಚ್ಚಿ, ಒಂದು ಬೆರಳೂ ತೂರದ ಹಾಗೆ ಭದ್ರ ಮಾಡಿ ಮಲಗಿದೆ. ಮೂರು ಗಂಟೆಗೆ ಮುಖದ ಮೇಲೆ ಹನಿ ಬಿದ್ದು ಎಚ್ಚರವಾಯಿತು. ಟಾರ್ಚು ಹಾಕಿದರೆ ಚಾವಣಿ ತುಂಬ ಮುತ್ತು ಪೋಣಿಸಿದ ಹಾಗೆ ನೀರು. ಗಾಳಿ ಬೀಸಿ ಬಟ್ಟೆ ಪಟಪಟ ಅಂದಾಗೆಲ್ಲ ಆ ಮುತ್ತು ಅಷ್ಟೂ ಮೈಮೇಲೆ. ಹೊದ್ದಿದ್ದ ರಗ್ಗು ಹಿಂಡುವ ಹಾಗಾಗಿತ್ತು. ಬೆಳಗಿನ ತನಕ ಟೆಂಟ್ ಮಾಡಿದವನನ್ನು, ಮಾರಿದವನನ್ನು, ಸೇಲ್ ಇಟ್ಟವನನ್ನು ಬೈಯುತ್ತಾ ಕೂತಿದ್ದೆ.

ಊರಿಗೆ ಬಂದವನೇ ತಾರಸಿಯ ಮೇಲೆ ಟೆಂಟ್ ಹಾಕಿ, ಒಳಗೆ ಹಳೆಯ ಪೇಪರ್ ಹಾಸಿ, ಪೈಪ್ ಹಿಡಿದು ಅರ್ಧ ಗಂಟೆ ನೀರು ಬಿಟ್ಟೆ. ಎಲ್ಲಿ ಸೋರುತ್ತದೋ ನೋಡಿಯೇಬಿಡೋಣ ಅಂತ. ಒಂದು ಹೊಲಿಗೆಯ ಹತ್ತಿರ ಪೇಪರ್ ಕಾಸಿನಗಲ ಒದ್ದೆಯಾಗಿತ್ತು, ಅಷ್ಟೇ. ಮಿಕ್ಕ ಪೇಪರ್ ಗರಿಗರಿಯಾಗಿತ್ತು. ನನಗೆ ಅರ್ಥವಾಗಲಿಲ್ಲ. ಟೆಂಟನ್ನು ಅಟ್ಟಕ್ಕೆ ಹಾಕಿದೆ.

ಜನವರಿಯಲ್ಲಿ, ಮಳೆಯೇ ಇಲ್ಲದ ಒಂದು ರಾತ್ರಿ, ಮಗಳ ಹಟಕ್ಕೆ ಅದೇ ಟೆಂಟನ್ನು ಮತ್ತೆ ತಾರಸಿಯ ಮೇಲೆ ಹಾಕಿದೆ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಚಳಿ ಅಂತ ಜಿಪ್ಪು ಪೂರ್ತಿ ಎಳೆದು ಇಬ್ಬರೂ ಮಲಗಿದೆವು. ಬೆಳಿಗ್ಗೆ ಎದ್ದರೆ ಚಾವಣಿ ತುಂಬ ಅದೇ ಮುತ್ತು.

“ಅಪ್ಪಾ, ರಾತ್ರಿ ಮಳೆ ಬಂತಾ?” ಅಂದಳು.

ಆಗ ಹೊಳೆಯಿತು. ಹೊಳೆದಾಗ ನನಗೇ ನಾಚಿಕೆಯಾಯಿತು. ಯಾಕೆಂದರೆ ಇದು ನನಗೆ ಇಪ್ಪತ್ತು ವರ್ಷದಿಂದ ಗೊತ್ತಿರುವ ವಿಷಯ.

ನೀರಿಗೆ ಬಿದ್ದ ಮೋಟಾರು ಬಂದರೆ ನಾವು ಮೊದಲು ಮಾಡುವ ಕೆಲಸ ಒಣಗಿಸುವುದು. ತಗಡಿನ ಪೆಟ್ಟಿಗೆಯೊಳಗೆ ಮೋಟಾರಿನ ಬಾಡಿ ಇಟ್ಟು, ಪಕ್ಕದಲ್ಲಿ 200 ವ್ಯಾಟಿನ ಎರಡು ಬಲ್ಬು ಉರಿಸಿ ಬಿಡುತ್ತೇವೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರೆಲ್ಲ ಒಂದೇ ತಪ್ಪು ಮಾಡುತ್ತಾರೆ. ಬಿಸಿ ಹೊರಗೆ ಹೋಗದಿರಲಿ ಅಂತ ಮುಚ್ಚಳ ಬಿಗಿಯಾಗಿ ಹಾಕುತ್ತಾರೆ. ಬೆಳಿಗ್ಗೆ ತೆಗೆದರೆ ಮುಚ್ಚಳದ ಒಳಗೆಲ್ಲ ಹನಿ. ಆವಿ ಮೇಲೆ ಹೋಗಿ, ತಣ್ಣನೆಯ ತಗಡಿಗೆ ತಾಗಿ, ನೀರಾಗಿ ಮತ್ತೆ ತಂತಿಯ ಮೇಲೇ ಬಿದ್ದಿರುತ್ತದೆ. ತಂತಿಯ ಇನ್ಸುಲೇಷನ್ ನೋಡುವ ಮೀಟರು, ಮೆಗ್ಗರ್, ಹಿಡಿದರೆ ಮುಳ್ಳು ಮೇಲೇಳುವುದಿಲ್ಲ, ತೇವ ಇನ್ನೂ ಇದೆ ಅಂತ. “ಲೋ, ಮುಚ್ಚಳ ಒಂದು ಬೆರಳು ತೆಗ್ದಿಡೋ” ಅಂತ ಎಷ್ಟು ಹುಡುಗರಿಗೆ ಬೈದಿದ್ದೇನೋ ಲೆಕ್ಕವಿಲ್ಲ. ನಾನೇ ಆ ಪೆಟ್ಟಿಗೆಯೊಳಗೆ ಮಲಗಿದಾಗ ಮಾತ್ರ ನೆನಪಾಗಲಿಲ್ಲ.

ಮನುಷ್ಯ ಒಂದು ರಾತ್ರಿಯಲ್ಲಿ ಉಸಿರು, ಬೆವರು ಸೇರಿ ಒಂದೆರಡು ಲೋಟ ನೀರನ್ನು ಗಾಳಿಗೆ ಬಿಡುತ್ತಾನೆ. ಅದರ ಜೊತೆ ಒದ್ದೆ ರೈನ್‌ಕೋಟು, ಒದ್ದೆ ಸಾಕ್ಸು ಒಳಗಿಟ್ಟುಕೊಂಡರೆ ಕೇಳುವುದೇ ಬೇಡ. ಒಂದೇ ಪದರದ ಟೆಂಟಿನಲ್ಲಿ ಆ ಆವಿಗೆ ಹೋಗಲು ದಾರಿ ಇರುವುದಿಲ್ಲ. ವಾಟರ್‌ಪ್ರೂಫ್ ಅಂದರೆ ಹೊರಗಿನ ನೀರು ಒಳಗೆ ಬರಲ್ಲ, ಒಳಗಿನದು ಹೊರಗೆ ಹೋಗಲ್ಲ. ಎರಡೂ ಸೇರಿಯೇ ವಾಟರ್‌ಪ್ರೂಫ್.

ಡಬ್ಬದ ಮೇಲೆ 2000 ಎಂಎಂ, 3000 ಎಂಎಂ ಅಂತ ಬರೆದಿರುತ್ತಾರಲ್ಲ, ಅದರ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅಂಗಡಿಗೆ ಬಂದ ಹುಡುಗ ಅದನ್ನು ವರ್ಷದ ಮಳೆಯ ಲೆಕ್ಕ ಅಂದುಕೊಂಡಿದ್ದ. ಅದು ನೀರಿನ ಕಂಬದ ಎತ್ತರ. ಬಟ್ಟೆಯ ಮೇಲೆ 3 ಮೀಟರ್ ಎತ್ತರದ ನೀರಿನ ಕೊಳವೆ ನಿಲ್ಲಿಸಿದರೂ ಜಿನುಗದಿದ್ದರೆ ಅದು 3000. ಮೇಲಿಂದ ಬೀಳುವ ಹನಿಗೆ ಅಷ್ಟು ಒತ್ತಡವೇ ಇರುವುದಿಲ್ಲ. ಒದ್ದೆ ನೆಲದ ಮೇಲೆ ನೀವು ಮೊಣಕಾಲೂರಿದಾಗ ತಳದ ಬಟ್ಟೆಗೆ ಬೀಳುವ ಒತ್ತಡವೇ ಜಾಸ್ತಿ. ಅದಕ್ಕೇ ತಳಕ್ಕೆ ಹೆಚ್ಚಿನ ನಂಬರ್ ಇರುತ್ತದೆ, ಇರಬೇಕು. ಮೇಲಿನ ಬಟ್ಟೆಗೆ 2000 ಇದ್ದು, ಹೊಲಿಗೆಗಳ ಮೇಲೆ ಟೇಪು ಸರಿಯಾಗಿ ಅಂಟಿಸಿದ್ದರೆ ನಮ್ಮ ಮಳೆಗೆ ಸಾಕು. ನಂಬರ್ ಹಿಂದೆ ಓಡುವುದಕ್ಕಿಂತ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು.

ಹಾಗಾಗಿ ಎರಡನೇ ಟೆಂಟು ಎರಡು ಪದರದ್ದು. ಒಳಗೆ ಸೊಳ್ಳೆ ಪರದೆಯಂಥ ಜಾಲರಿ, ಅದರ ಮೇಲೆ ಕೈ ಅಗಲದ ಸಂದು ಬಿಟ್ಟು ಮಳೆಯ ಹೊದಿಕೆ. ಆವಿ ಜಾಲರಿ ದಾಟಿ ಹೊರಗಿನ ಪದರಕ್ಕೆ ತಾಗಿ, ಅಲ್ಲಿ ನೀರಾಗಿ, ಅಲ್ಲೇ ಜಾರಿ ಹೊರಗೆ ಇಳಿಯುತ್ತದೆ. ಮುತ್ತು ಈಗಲೂ ಕಟ್ಟುತ್ತದೆ, ಮೈಮೇಲೆ ಬೀಳುವುದಿಲ್ಲ ಅಷ್ಟೇ. ಆದರೂ ಮೇಲಿನ ಗಾಳಿಕಿಂಡಿ ಮುಚ್ಚಿದರೆ ಮತ್ತೆ ಅದೇ ಕಥೆ. ಎಂಥ ಮಳೆ ಬರಲಿ, ಗಾಳಿ ಬೀಸದ ಕಡೆಯ ಜಿಪ್ಪನ್ನು ಒಂದು ಬೆರಳು ತೆರೆದೇ ಮಲಗುತ್ತೇನೆ.

ಜಾಗದ್ದೂ ಒಂದು ಲೆಕ್ಕ ಇದೆ. ಬಯಲಲ್ಲಿ, ಆಕಾಶಕ್ಕೆ ನೇರ ಮುಖ ಮಾಡಿದ ಟೆಂಟು ಬೇಗ ತಣ್ಣಗಾಗುತ್ತದೆ, ಇಬ್ಬನಿ ಜಾಸ್ತಿ ಹಿಡಿಯುತ್ತದೆ. ಹಳ್ಳದ ಪಕ್ಕದ ತಗ್ಗಿನಲ್ಲಿ ಇನ್ನೂ ಜಾಸ್ತಿ, ರಾತ್ರಿಯ ತಣ್ಣನೆ ಗಾಳಿ ನೀರಿನ ಹಾಗೆ ಇಳಿದು ಬಂದು ಅಲ್ಲಿ ನಿಲ್ಲುತ್ತದೆ. ಮರದ ಕೆಳಗೆ ಇಬ್ಬನಿ ಕಡಿಮೆ. ಆದರೆ ಮಳೆ ನಿಂತರೂ ಮರದ ಹನಿ ನಿಲ್ಲದು ಅಂತ ಗಾದೆ ಕಟ್ಟಿದವರು ಖಂಡಿತ ಸಿಲ್ವರ್ ಓಕ್ ಕೆಳಗೆ ಮಲಗಿದ್ದವರೇ ಇರಬೇಕು. ಮಂಜು ಕವಿದ ರಾತ್ರಿ ಮಳೆಯೇ ಇಲ್ಲದಿದ್ದರೂ ಟಪ್ ಟಪ್ ಅಂತ ಬೆಳಗಿನ ತನಕ. ಗಾಳಿಗೆ ಕೊಂಬೆ ಬೀಳುವ ಭಯ ಬೇರೆ. ಕಾಫಿ ಹೂ ಅರಳಿಸುವ ಮಾರ್ಚ್-ಏಪ್ರಿಲ್‌ನ ಹೂಮಳೆ ಇನ್ನೊಂದು ಥರ, ಗುಡುಗು, ಸಿಡಿಲು, ಕೆಲವು ಸಲ ಆಲಿಕಲ್ಲು. ಆಗ ಒಂಟಿ ಮರದ ಕೆಳಗೂ ಬೇಡ, ಗುಡ್ಡದ ನೆತ್ತಿಯ ಮೇಲೂ ಬೇಡ.

ನಮ್ಮ ಜಿಲ್ಲೆಯ ತಮಾಷೆ ಏನೆಂದರೆ ಒಂದೇ ಟೆಂಟು ಎರಡು ದೇಶಕ್ಕೆ ಹೊಂದಬೇಕು. ಪಡುವಣಕ್ಕೆ ಬಿಸಿಲೆ, ಹೆತ್ತೂರು, ತಿಂಗಳುಗಟ್ಟಲೆ ಬಟ್ಟೆ ಒಣಗದ ಊರುಗಳು. ಮೂಡಣಕ್ಕೆ ಅರಸೀಕೆರೆ, ಅಲ್ಲಿ ಅದೇ ತಿಂಗಳಲ್ಲಿ ಮೋಡ ನೋಡುತ್ತಾ ಕೂತಿರುತ್ತಾರೆ. ಆದರೆ ಅಲ್ಲಿ ಆಷಾಢದ ಗಾಳಿ ಇದೆ. ಚಿಕ್ಕಮಗಳೂರಿನ ಕಡೆಯೂ ಹಾಗೆಯೇ. ಗಿರಿಯ ಈಚೆ ಇಳಿದು ಸಖರಾಯಪಟ್ಟಣ ತಲುಪಿದರೆ ಮಳೆ ಹಿಂದೆ ಉಳಿದು ಗಾಳಿ ಮಾತ್ರ ಜೊತೆಗೆ ಬರುತ್ತದೆ. ಅಯ್ಯನಕೆರೆಯ ಹತ್ತಿರದ ಒಂದು ಹೊಲದಲ್ಲಿ, ಹೊಲದವರನ್ನು ಕೇಳಿಯೇ, ನಾನು ಮಲಗಿದ್ದೆ. ಟೆಂಟಿನ ಅಗಲವಾದ ಮೈಯನ್ನೇ ಗಾಳಿಗೆ ಕೊಟ್ಟು ಹಾಕಿದ್ದೆ, ಕೆರೆ ಕಾಣಲಿ ಅಂತ. ಟೆಂಟನ್ನು ಎಳೆದು ಹಿಡಿಯುವ ದಾರಗಳನ್ನು ಕಟ್ಟಿರಲಿಲ್ಲ. ಹನ್ನೆರಡು ಗಂಟೆಗೆ ಕಬ್ಬು ಮುರಿದ ಹಾಗೆ ಸದ್ದು. ಫೈಬರ್ ಗ್ಲಾಸ್ ಕೋಲು ಉದ್ದಕ್ಕೆ ಸೀಳಿತ್ತು. ಕತ್ತಲಲ್ಲಿ ಹಿಡಿದೆ ನೋಡಿ, ಅಂಗೈ ತುಂಬ ಕಣ್ಣಿಗೆ ಕಾಣದ ಸಿಬಿರು. ಎರಡು ದಿನ ಅನ್ನ ಕಲಸಲು ಆಗಲಿಲ್ಲ.

ಆ ರಾತ್ರಿ ಕೆಲಸ ಕೈಹಿಡಿಯಿತು. ಸೈಡ್ ಬ್ಯಾಗಿನಲ್ಲಿ ಅಂಗಡಿಯ ಒಂದಷ್ಟು ಸಾಮಾನು ಇದ್ದೇ ಇರುತ್ತದೆ. ಮೋಟಾರಿನ ಸ್ಲಾಟಿನಲ್ಲಿ ತಂತಿ ಮೇಲೇಳದ ಹಾಗೆ ಬಡಿಯುವ ಬಿದಿರಿನ ಕಡ್ಡಿ, ವೈಂಡಿಂಗ್ ಕಟ್ಟುವ ಕಾಟನ್ ಟೇಪು. ಸೀಳಿದ ಕೋಲಿನ ಸುತ್ತ ಮೂರು ಬಿದಿರು ಕಡ್ಡಿ ಇಟ್ಟು, ಮುರಿದ ಮೂಳೆಗೆ ಕಟ್ಟು ಹಾಕುವ ಹಾಗೆ ಟೇಪು ಬಿಗಿದೆ. ಬೆಳಗಿನ ತನಕ ನಿಂತಿತು. ಆ ಕೋಲನ್ನು ಈಗಲೂ ಇಟ್ಟುಕೊಂಡಿದ್ದೇನೆ.

ಈಗಿನದು ಅಲ್ಯೂಮಿನಿಯಂ ಕೋಲು. ಗಾಳಿಗೆ ಬಾಗುತ್ತದೆ, ಹೆಚ್ಚೆಂದರೆ ಸೊಟ್ಟಗಾಗುತ್ತದೆ, ಫೈಬರಿನ ಹಾಗೆ ಸೀಳುವುದಿಲ್ಲ. ಜೊತೆಗೆ ಬೆರಳುದ್ದದ ಒಂದು ಕೊಳವೆ ಕೊಟ್ಟಿರುತ್ತಾರೆ. ಕೋಲು ಮುರಿದರೆ ಆ ಜಾಗಕ್ಕೆ ಅದನ್ನು ತೂರಿಸಿ ಟೇಪು ಸುತ್ತಿದರೆ ಊರಿಗೆ ಬರಬಹುದು. ಬಟ್ಟೆ ಪಾಲಿಯೆಸ್ಟರ್. ನೈಲಾನು ಹಗುರ, ಗಟ್ಟಿ, ಆದರೆ ನೀರು ಕುಡಿದು ಹಿಗ್ಗುತ್ತದೆ. ಸಂಜೆ ತಬಲದ ಹಾಗೆ ಎಳೆದು ಕಟ್ಟಿದ್ದು ರಾತ್ರಿ ಹೊತ್ತಿಗೆ ಜೋಲುಬಿದ್ದು ಒಳಪದರಕ್ಕೆ ತಾಗುತ್ತದೆ. ಮಳೆಯಲ್ಲಿ ಎದ್ದು ದಾರ ಬಿಗಿಯಬೇಕು. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, ಬಿಸಿಲಿಗೂ ಹೆಚ್ಚು ಕಾಲ ತಡೆಯುತ್ತದೆ.

ಅಳತೆ ಎಷ್ಟಿರಬೇಕು? ‘ಇಬ್ಬರ ಟೆಂಟ್’ ಅಂದರೆ ಎರಡು ಹಾಸಿಗೆ ಪಕ್ಕಪಕ್ಕ ಹಿಡಿಸುತ್ತದೆ ಅಂತ. ಇಬ್ಬರು ಮನುಷ್ಯರು ಮತ್ತು ಅವರ ಜಗಳ ಹಿಡಿಸುತ್ತದೆ ಅಂತ ಅಲ್ಲ. ಬೈಕಿನವನ ಜೊತೆ ಹೆಲ್ಮೆಟ್ಟು, ಜಾಕೆಟ್ಟು, ಬೂಟು, ಎರಡು ಬ್ಯಾಗು ಇರುತ್ತವೆ. ಒಬ್ಬನೇ ಹೋಗುವವನಿಗೆ ಇಬ್ಬರದು, ಇಬ್ಬರಾದರೆ ಮೂವರದು. ಹೆಲ್ಮೆಟ್ ಹೊರಗಿಟ್ಟರೆ ಬೆಳಿಗ್ಗೆ ಒಳಗೆ ಏನಿದೆ ಅಂತ ಕೈ ಹಾಕಿ ನೋಡುವ ಧೈರ್ಯ ಬೇಕು. ಒಂದು ಸಲ ಕಪ್ಪೆ ಇತ್ತು.

ಬಾಗಿಲ ಮುಂದೆ ಮಳೆಯ ಹೊದಿಕೆ ಚಾಚಿಕೊಂಡು ಸಣ್ಣ ಜಗುಲಿಯ ಹಾಗೆ ಜಾಗ ಬಿಡುತ್ತದಲ್ಲ, ಅದು ಮಲೆನಾಡಿನಲ್ಲಿ ಬೇಕೇಬೇಕು. ಒದ್ದೆ ರೈನ್‌ಕೋಟು, ಬೂಟು ಅಲ್ಲೇ ಕಳಚಿ ಒಳಗೆ ಬರುವುದು. ಇಂಬಳ, ಅಂದರೆ ನಮ್ಮ ಕಾಡಿನ ಜಿಗಣೆ, ಜಾಲರಿ ತೂರಿ ಬರುವುದಿಲ್ಲ, ಬೂಟಿನ ಜೊತೆ ಬರುತ್ತದೆ. ಹೊಸ್ತಿಲ ಹತ್ತಿರ ಉಪ್ಪಿನ ಪೊಟ್ಟಣ ಇಟ್ಟುಕೊಳ್ಳುತ್ತೇನೆ. ಬೈಕನ್ನೇ ಒಳಗೆ ನಿಲ್ಲಿಸುವಷ್ಟು ದೊಡ್ಡ ಜಗುಲಿ ಇರುವ ಟೆಂಟುಗಳೂ ಇವೆ, ರೆಡ್‌ವರ್ಜ್, ಲೋನ್ ರೈಡರ್ ಅಂತ. ಅವು ಐದು ಕೇಜಿಗೂ ಮೇಲೆ ತೂಗುತ್ತವೆ. ದೊಡ್ಡ ಬೈಕಿನಲ್ಲಿ ದೇಶ ಸುತ್ತುವವರಿಗೆ ಸರಿ. ನನ್ನ ಬೈಕು ಮಳೆಯಲ್ಲಿ ನೆಂದೇ ಬೆಳೆದದ್ದು, ಅದಕ್ಕೆ ಮನೆ ಬೇಡ. ಅದರ ಸ್ಟ್ಯಾಂಡಿನ ಕೆಳಗೆ ಒಂದು ಚಪ್ಪಟೆ ಕಲ್ಲು ಸಾಕು. ಮಲೆನಾಡಿನ ಒದ್ದೆ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡು ರಾತ್ರಿಯೆಲ್ಲ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ, ಬೈಕು ಎಡಕ್ಕೆ ಮಲಗುತ್ತದೆ. ಆ ಎಡಗಡೆ ನಿಮ್ಮ ಟೆಂಟ್ ಇರಬಾರದು, ಅಷ್ಟೇ. ಮತ್ತೆ, ಒಲೆಯನ್ನು ಒಳಗೆ ಹಚ್ಚಬೇಡಿ. ಬಟ್ಟೆ ಕರಗುವ ಕಥೆ ಮೇಲೆ ಹೇಳಿದ್ದೇನೆ. ಮುಚ್ಚಿದ ಜಾಗದಲ್ಲಿ ಒಲೆ ಉರಿದರೆ ಸೇರಿಕೊಳ್ಳುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಮಲಗಿದವರನ್ನು ಅದು ಏಳಿಸುವುದಿಲ್ಲ.

ನೆಲಕ್ಕೆ ಹಾಸುವ ಟಾರ್ಪಾಲಿನಲ್ಲೂ ನಾನು ಪೆಟ್ಟು ತಿಂದಿದ್ದೇನೆ. ಟೆಂಟಿಗಿಂತ ದೊಡ್ಡದಿದ್ದರೆ ಒಳ್ಳೆಯದಲ್ವಾ ಅಂತ ನೀಲಿ ಟಾರ್ಪಾಲು ಹಾಸಿ, ಸುತ್ತಲೂ ಒಂದು ಗೇಣು ಹೊರಗೆ ಬಿಟ್ಟಿದ್ದೆ. ಟೆಂಟಿನ ಮೇಲೆ ಬಿದ್ದ ಮಳೆಯೆಲ್ಲ ಆ ಒಂದು ಗೇಣಿನ ಮೇಲೆ ಸುರಿದು, ನೇರವಾಗಿ ನನ್ನ ಬೆನ್ನ ಕೆಳಗೆ ಬಂದು ನಿಂತಿತು. ಹಾಸು ಟೆಂಟಿನ ತಳಕ್ಕಿಂತ ನಾಲ್ಕು ಬೆರಳು ಚಿಕ್ಕದಿರಬೇಕು.

ಇನ್ನೊಂದು ವಿಷಯ, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಮಳೆ ಸುರಿಯುವಾಗ ಟೆಂಟ್ ಹಾಕುವುದು ಹೇಗೆ? ಬಹಳಷ್ಟು ಟೆಂಟಿನಲ್ಲಿ ಮೊದಲು ಒಳಪದರ ನಿಲ್ಲಿಸಬೇಕು, ಆಮೇಲೆ ಹೊದಿಕೆ. ಆ ಐದು ನಿಮಿಷದಲ್ಲಿ ಜಾಲರಿಯೊಳಗೆ ಅರ್ಧ ಕೊಡ ನೀರು. ಸ್ವೀಡನ್ನಿನಲ್ಲಿ 1971ರಲ್ಲಿ ಬೋ ಹಿಲೆಬೆರ್ಗ್ ಅನ್ನುವವರು ಶುರು ಮಾಡಿದ ಹಿಲೆಬೆರ್ಗ್ ಕಂಪನಿಯ ಟೆಂಟುಗಳಲ್ಲಿ ಎರಡೂ ಪದರ ಸೇರಿಕೊಂಡೇ ಇರುತ್ತವೆ, ಒಟ್ಟಿಗೇ ಏಳುತ್ತವೆ. ಮಳೆ ಗೊತ್ತಿದ್ದವರ ಬುದ್ಧಿ. ಅವುಗಳ ಬೆಲೆಗೆ ನಮ್ಮಲ್ಲಿ ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಬೈಕೇ ಬರುತ್ತದೆ. ನನ್ನದು ಒಂಬತ್ತು ಸಾವಿರದ ಟೆಂಟು. ಆದರೂ ಹೊದಿಕೆಯನ್ನು ಮೊದಲು ನಿಲ್ಲಿಸಿ ಒಳಪದರವನ್ನು ಒಳಗಿನಿಂದ ಕೊಕ್ಕೆಗೆ ಸಿಕ್ಕಿಸಬಹುದು. ಮನೆಯಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿದ ಮೇಲೆ ಕೈಗೆ ಬಂತು. ಬೆಳಿಗ್ಗೆ ಉಲ್ಟಾ. ಒಳಪದರ ಒಳಗೇ ಮಡಚಿ ಒಣ ಚೀಲಕ್ಕೆ, ಒದ್ದೆ ಹೊದಿಕೆ ಕೊಡವಿ ಬೇರೆ ಪ್ಲಾಸ್ಟಿಕ್ ಚೀಲಕ್ಕೆ. ಎರಡನ್ನೂ ಒಂದೇ ಚೀಲಕ್ಕೆ ತುರುಕಿದರೆ ಸಂಜೆ ಒದ್ದೆ ಹಾಸಿಗೆ.

ಹೋದ ವರ್ಷ ಅದೇ ಹಾನುಬಾಳಿನ ಕಣದಲ್ಲಿ ಹೀಗೆ ಹೊದಿಕೆ ಕೊಡವುತ್ತಿದ್ದೆ. ಲೈನಿನ ಒಬ್ಬರು ಅಜ್ಜಿ ಬಂದು ನಿಂತರು.

“ಏನ್ ಮಗಾ, ಮನೆಗಿನೆ ಇಲ್ವಾ ನಿಂಗೆ?”

“ಇದೆ ಅಜ್ಜಿ. ಸುಮ್ನೆ ಬಂದಿದ್ದೆ.”

“ಎಷ್ಟಾಯ್ತು ಇದ್ಕೆ?”

ಅರ್ಧ ಬೆಲೆ ಹೇಳಿದೆ. ಅದಕ್ಕೇ ಬಾಯಿ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಟೆಂಟಿನ ಸುತ್ತ ಒಂದು ಸುತ್ತು ಬಂದು, ಜಾಲರಿಯನ್ನು ಬೆರಳಲ್ಲಿ ಮುಟ್ಟಿ, “ಗಾಳಿ ಆಡ್ತದಲ್ಲ, ಬಿಡು” ಅಂದರು. ಅವರ ಮನೆಯ ಅಟ್ಟದ ಕೆಳಗೆ ಒಂದು ಹಳೆಯ ಗೊರಬು ನೇತಾಡುತ್ತಿತ್ತು, ಆಮೇಲೆ ತೋರಿಸಿದರು. ಬಿದಿರಿನ ಹಂದರ, ಮೇಲೆ ಒಣ ಎಲೆಯ ಪದರ. ನಾಟಿ ಮಾಡುವಾಗ ತಲೆಯಿಂದ ಬೆನ್ನಿನ ಕೆಳಗಿನ ತನಕ ಹೊದ್ದು ಬಗ್ಗುತ್ತಿದ್ದದ್ದು. ಈಗ ಎಲ್ಲರೂ ಪ್ಲಾಸ್ಟಿಕ್ ಕಟ್ಟಿಕೊಳ್ಳುತ್ತಾರೆ. “ಪ್ಲಾಸ್ಟಿಕ್ ಒಳ್ಗೇ ಬೆವರಿ ನೆನ್ಸ್‌ಬಿಡ್ತದೆ. ಇದ್ರಲ್ಲಿ ಹಂಗಾಗ್ತಿರ್ಲಿಲ್ಲ” ಅಂದರು. ನಾನು ಒಂದು ಟೆಂಟು, ಒಂದು ಸೈಲೆನ್ಸರು, ಒಂದು ಇಡೀ ವರ್ಷ ಕಳೆದುಕೊಂಡು ಕಲಿತದ್ದನ್ನು ಅವರು ಗೊರಬಿನ ಧೂಳು ಒರೆಸುತ್ತಾ ಹೇಳಿದರು.

ಒಣಗಿಸುವುದು ಮಾತ್ರ ಇನ್ನೂ ತಲೆನೋವು. ಒದ್ದೆ ಟೆಂಟನ್ನು ವಾರಗಟ್ಟಲೆ ಚೀಲದಲ್ಲಿ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಒಳಗಿನ ಪಾಲಿಯುರೆಥೇನ್ ಲೇಪನ ತೇವಕ್ಕೆ ಕೊಳೆತು ಅಂಟಂಟಾಗುತ್ತದೆ, ಹುಳಿ ವಾಸನೆ ಬರುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ. ವಾರ್ನಿಷ್ ಕೆಟ್ಟ ವೈಂಡಿಂಗ್ ಇದ್ದ ಹಾಗೆ, ರಿಪೇರಿ ಇಲ್ಲ. ಜುಲೈನಲ್ಲಿ ಹಾಸನದಲ್ಲೂ ಬಿಸಿಲು ಕಾಣುವುದಿಲ್ಲ. ಮನೆಯ ಹಾಲ್‌ನಲ್ಲಿ ಹಾಕಲು ನನ್ನವಳು ಬಿಡುವುದಿಲ್ಲ. ಅದಕ್ಕೇ ಅಂಗಡಿಯ ಗೋಡೆ. ಒಣಗಿಸುವ ಪೆಟ್ಟಿಗೆಯಿಂದ ಒಂದಷ್ಟು ದೂರದಲ್ಲಿ ತಂತಿ ಕಟ್ಟಿದ್ದೇನೆ. ಬಲ್ಬಿನ ಬಿಸಿ ಮೆಲ್ಲಗೆ ತಾಗುತ್ತದೆ.

ಹುಡುಗ ಕೊನೆಗೂ ಒಂದು ತಗೊಂಡ. ಮೊನ್ನೆ ಡಬ್ಬ ಸಮೇತ ಅಂಗಡಿಗೆ ತಂದಿದ್ದ, ಅವನದು ಪಲ್ಸರ್. ಬಿಚ್ಚುವ ಮೊದಲು ಸೀಟಿನ ಮೇಲಿಟ್ಟು ನೋಡು ಅಂದೆ. ಎರಡು ಗೇಣಿಗೆ ಎರಡು ಬೆರಳು ಕಡಿಮೆ. ಬಿಗಿದು ಕಟ್ಟಿ, ಹ್ಯಾಂಡಲ್ ತಿರುಗಿಸಿ, ಬೀದಿಯಲ್ಲಿ ಒಂದು ರೌಂಡ್ ಹೊಡೆದು ಬಂದ. ಬಲಗಡೆ ಸೈಲೆನ್ಸರಿಗೆ ಒಂದಡಿ ದೂರವಿತ್ತು.

“ಫಸ್ಟ್ ಎಲ್ಲಿಗೆ ಹೋಗ್ತೀಯ?”

“ನೀವು ಹೇಳಿದ್ರಲ್ಲಣ್ಣ, ನಮ್ಮನೆ ತಾರಸಿಗೆ.”

ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಮಲಗಿದ್ದವನು ಗಾಬರಿಯಿಂದ ಎದ್ದು ಎತ್ತಿದೆ.

“ಅಣ್ಣ, ಜಿಪ್ಪು ಒಂದ್ ಬೆರಳು ತೆಗ್ದಿಡು ಅಂದಿದ್ರಲ್ಲ.”

“ಹೂಂ. ಏನಾಯ್ತು?”

“ಬೆಕ್ಕು ಒಳಗ್ ಬಂದು ಮಲ್ಕೊಂಡಿದೆ. ಎಬ್ಬಿಸ್ಲಾ, ಬೇಡ್ವಾ?”